ತೇಲುವ ಗಂಡನ ಸಿನಿಮಾ

ವಾರಪೂರ್ತಿ ಕನ್ನಡಕದ ಅಂಗಡಿಯಲ್ಲಿ ನಿಂತು, "ಇದರಲ್ಲಿ ಚೆನ್ನಾಗಿ ಕಾಣುತ್ತೋ, ಅದರಲ್ಲೋ?" ಎಂದು ಊರವರನ್ನೆಲ್ಲ ಕೇಳುವ ನನಗೆ ಭಾನುವಾರ ಕಣ್ಣು ಮುಚ್ಚುವುದೊಂದೇ ಪರಮ ಪುರುಷಾರ್ಥ. ಅದಕ್ಕೂ ಕಲ್ಲು ಬಿತ್ತು. ನನ್ನಾಕೆಯ ಆರಾಧ್ಯದೈವವಾದ ಹಿರಿಯ ಹಾಸ್ಯ ನಿರ್ದೇಶಕರು ಎಂಬತ್ತರ ಹರೆಯದಲ್ಲಿ ಇನ್ನೊಂದು ಸಿನಿಮಾ ತೆಗೆದಿದ್ದರು. (ಅವರಿಗಾದರೂ ಸುಸ್ತಾಗಬಾರದೇ?)

"ಮ್ಯಾಟಿನಿಗೆ ಟಿಕೆಟ್ ತಗೊಂಡಿದೀನಿ. ಅಲ್ಲೇ ಕೂತು ಸುಧಾರಿಸ್ಕೊಳ್ಳಿ," ಎಂದಳು.

ಕಥೆ ವಿಚಿತ್ರ. ಒಬ್ಬ ಗಂಡ ನಿಟ್ಟುಸಿರು ಬಿಟ್ಟು ಬಿಟ್ಟು ಒಳಗೆಲ್ಲ ಖಾಲಿಯಾಗಿ, ಬಲೂನಿನಂತೆ ಸೂರಿಗೆ ಹೋಗಿ ಅಂಟಿಕೊಳ್ಳುತ್ತಾನೆ. ಹೆಂಡತಿ ಅವನ ಕಾಲಿಗೆ ದಾರ ಕಟ್ಟಿ, "ಹೇಗೂ ಮೇಲಿದ್ದೀರಲ್ಲ, ಫ್ಯಾನ್ ಒರೆಸಿಬಿಡಿ" ಎಂದು ಬಟ್ಟೆ ಎಸೆಯುತ್ತಾಳೆ. ಥಿಯೇಟರೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ನಗಲಿಲ್ಲ. ಇಷ್ಟು ವರ್ಷ ಮನೆಯವರಿಗೇ ಅರ್ಥವಾಗದ ನನ್ನ ಕಷ್ಟ, ನಾನು ಮುಖವನ್ನೇ ಕಂಡಿರದ ಆ ಮುದುಕ ನಿರ್ದೇಶಕರಿಗೆ ಅರ್ಥವಾಗಿತ್ತು. ಆ ಸಮಾಧಾನದಲ್ಲೇ ಇಂಟರ್‌ವಲ್ ನಂತರ ಕಣ್ಣು ಮುಚ್ಚಿದೆ. ಅವಳು ಭುಜ ಅಲುಗಿಸಿದಾಗ ದೀಪ ಹತ್ತಿತ್ತು.

ಬಸ್ಸಿನಲ್ಲಿ ಗಂಭೀರ ವಿಮರ್ಶೆಗಿಳಿದೆ. "ಆ ಗಂಡ ನಾನೇ ಕಣೇ. ಇಡೀ ಚಿತ್ರ ನನ್ನ ಬಗ್ಗೇನೇ."

"ಇಡೀ ಚಿತ್ರ ನೋಡಿದ್ರೆ ತಾನೆ? ಗೊರಕೆ ಹೊಡೀತಿದ್ರಿ."

"ಸರಿ, ಕೊನೆಗೆ ಏನಾದ ಅವನು?"

ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. "ದಾರ ಹಿಡಿದು ಹಿಡಿದು ಹೆಂಡತಿ ಕೈ ಸೋತುಹೋಯ್ತು. ಅದನ್ನ ನೋಡಿ ಅವನಿಗೆ ನಾಚಿಕೆ ಆಯ್ತು. ತಾನೇ ಕೆಳಗಿಳಿದು ಬಂದು ಪಾತ್ರೆ ತೊಳೆದ. ತೊಳೀತಾ ತೊಳೀತಾ ತೂಕ ಬಂತು."

"ಅಷ್ಟೇನಾ?"

"ಹಗುರವಾಗಿ ಮಾತಾಡ್ಬೇಡಿ. ಅದೇ ಚಿತ್ರದ ಸಂದೇಶ."

ನಾನು ಅವಳ ಕೈ ನೋಡಿದೆ. ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ದುಡಿಯುವ ಕೈ. ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತು. (ಕನ್ನಡಕ ಮಾರುವವನ ಕಣ್ಣಿಗೆ ಅದು ಈವರೆಗೆ ಬಿದ್ದಿರಲಿಲ್ಲ.)

ಮನೆಗೆ ಬಂದವನೇ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತೆ. ಮಹಾಕಲಾವಿದನಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನಿದೆ? ತಳ ಹಿಡಿದ ಬಾಣಲೆ ಉಜ್ಜುವಾಗ ಕಣ್ಣೂ ಸ್ವಲ್ಪ ಒದ್ದೆಯಾಯಿತು. ಹಾಲ್‌ನಲ್ಲಿ ಅವಳು ತಂಗಿಯೊಡನೆ ಫೋನಿನಲ್ಲಿದ್ದಳು.

"ಚೆನ್ನಾಗಿತ್ತು ಕಣೇ. ಆದ್ರೆ ಕೊನೆ ಏನಾಯ್ತೋ ಗೊತ್ತಿಲ್ಲ, ಇಂಟರ್‌ವಲ್ ಆದ್ಮೇಲೆ ನಂಗೂ ಜೋಂಪು ಹತ್ತಿಬಿಡ್ತು... ನಿಮ್ಮ ಭಾವ ಎಲ್ಲಿ ಅಂತಾನಾ? ಪಾತ್ರೆ ತೊಳೀತಿದಾರೆ. ಇಲ್ಲ ಇಲ್ಲ, ಹುಷಾರಾಗೇ ಇದಾರೆ. ನೀನೂ ನಿಮ್ಮನೆಯವರನ್ನ ಕರ್ಕೊಂಡು ಹೋಗು. ಕೊನೆ ಹೆಂಗೆ ಹೇಳ್ಬೇಕು ಅಂತ ನಾನು ಹೇಳಿಕೊಡ್ತೀನಿ."

ನಲ್ಲಿ ನಿಲ್ಲಿಸಿದೆ. ಇನ್ನೂ ಕುಕ್ಕರ್ ಒಂದು ಉಳಿದಿತ್ತು. ಜಗಳವಾಡುವಷ್ಟು ತ್ರಾಣ ಉಳಿದಿರಲಿಲ್ಲ. ನಲ್ಲಿ ಮತ್ತೆ ತಿರುಗಿಸಿದೆ.