ಬಿಸಿ ಆರುವ ಮುನ್ನ

ಒಲೆ ಹೊತ್ತಿಸಲು ಬೀಸುವವರನ್ನು ಲೋಕ ಕಂಡಿದೆ. ಔಷಧಿ ಅಂಗಡಿಯ ಮುಂದೆ ಕಾರಿನ ಬಾನೆಟ್ ಎತ್ತಿ, ಎಂಜಿನ್ ಆರಲೆಂದು ಹಳೆ ಪೇಪರಿನಿಂದ ಬೀಸುತ್ತ ನಿಂತವಳನ್ನು ಕಂಡಿರಲಾರದು. ಬಲಗೈ ಸೋತಾಗ ಟೀಚರಮ್ಮ ಪೇಪರನ್ನು ಎಡಗೈಗೆ ಬದಲಿಸಿಕೊಂಡಳು. ಅತ್ತೆಯ ಮಾತ್ರೆ ಕೊಳ್ಳಲು ಒಂದು ಗಳಿಗೆ ಗಾಡಿ ಆಫ್ ಮಾಡಿದ್ದೇ ತಪ್ಪಾಗಿತ್ತು.

ಕಾರು ಹಳೆಯದು. ಗಂಡ ಅದಕ್ಕೆ ಸೂಪರ್‌ಚಾರ್ಜರ್ ಎಂಬುದನ್ನು ಕೂರಿಸಿದ್ದ. ಎಂಜಿನ್ನಿನೊಳಕ್ಕೆ ಬಲವಂತವಾಗಿ ಗಾಳಿ ತುರುಕುವ ಯಂತ್ರ ಅದು. ಬೇಡ ಬೇಡವೆನ್ನುವ ಮೊಮ್ಮಗುವಿಗೆ ಅಜ್ಜಿ ತುತ್ತು ತುರುಕಿದ ಹಾಗೆ. ಓಡಿದರೆ ಹುಲಿ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಏಟಿಗೆ ಏಳುತ್ತಿತ್ತು. ಆದರೆ ಕೆಲವು ತಿಂಗಳಿಂದ ಒಂದು ರೋಗ ಹಿಡಿದಿತ್ತು. ಬಿಸಿಯಾದ ಮೇಲೆ ಆಫ್ ಮಾಡಿದರೆ, ಮುನಿಸಿಕೊಂಡ ನಾದಿನಿಯಂತೆ, ತಾನಾಗಿ ತಣ್ಣಗಾಗುವವರೆಗೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಶಾಲೆಯ ಮಕ್ಕಳು ತಳ್ಳಿ ತಳ್ಳಿ ಅವಳಿಗೆ ‘ತಳ್ಳು ಟೀಚರ್’ ಎಂದು ಹೆಸರಿಟ್ಟಿದ್ದರು.

ಗಂಡನಿಗೆ ಈ ರೋಗ ಕಂಡೇ ಇರಲಿಲ್ಲ. ಅವನು ಓಡಿಸುತ್ತಿದ್ದುದು ಭಾನುವಾರ ಮಾತ್ರ, ಮನೆಯಿಂದ ಹೊರಟು ಎಲ್ಲೂ ನಿಲ್ಲದೆ ಮನೆಗೆ. ಇವಳು ಕರೆದಾಗಲೆಲ್ಲ ಅವನು ಬಂದು ತಲಪುವಷ್ಟರಲ್ಲಿ ಎಂಜಿನ್ ಆರಿರುತ್ತಿತ್ತು. ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾದಂತೆ.

ಇವತ್ತೂ ಹಾಗೇ ಆಯಿತು. ಕಚೇರಿಯಿಂದ ಆಟೋ ಹಿಡಿದು ಬಂದ ಗಂಡ ಕೀ ಮುಟ್ಟಿದ್ದೇ ತಡ, ಕಾರು ಗುಡುಗಿತು.

“ನೋಡಿದ್ಯಾ? ಕೈಗುಣ ಅಂದ್ರೆ ಇದು!” ಎಂದ ಅವನು, ಔಷಧಿ ಅಂಗಡಿಯವನಿಗೂ ಕೇಳುವಂತೆ.

“ಬಿಸಿ ಇದ್ದಾಗ ಆಗಲ್ಲ ರೀ, ಎಷ್ಟು ಸಲ ಹೇಳ್ಲಿ?”

“ಗಾಡಿ ಏನು ನಿನ್ನ ಮುಖ ನೋಡಿ ಮುನಿಸಿಕೊಳ್ಳುತ್ತಾ? ಹೋಗ್ಲಿ, ಸಂಜೆ ಕೀ ನನಗೆ ಕೊಟ್ಬಿಡು. ನಾಳೆಯಿಂದ ನೀನು ಬಸ್ಸಲ್ಲೇ ಹೋಗು.”

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಪಕ್ಕದಲ್ಲೇ ರಿವರ್ಸ್ ಮಾವ ಇದ್ದರು. ಅವಳ ಬೀದಿಯ ನಿವೃತ್ತ ಯಜಮಾನರು ಅವರು. ಯಾರು ಗಾಡಿ ಹಿಂದೆ ತೆಗೆದರೂ ನಿಂತು “ಬರ್ಲಿ, ಬರ್ಲಿ” ಎನ್ನುವುದು ಅವರ ಕಸುಬು. ಬೀದಿಯಲ್ಲಿ ಮೂಲೆ ಮುರಿಯದ ಗೇಟುಕಂಬ ಒಂದೂ ಉಳಿದಿರಲಿಲ್ಲ.

“ಒಳ್ಳೇ ತೀರ್ಮಾನ. ಎಲ್ಲರ ಕೈಗೂ ಎಲ್ಲಾ ಒಗ್ಗಲ್ಲಮ್ಮ,” ಎಂದು ಅವರು ತೀರ್ಪು ಕೊಟ್ಟರು.

ಅವಳ ಕಿವಿ ಎಂಜಿನ್ನಿಗಿಂತ ಕಾದವು. ಗಂಡ ಆಟೋ ಹತ್ತಿ ಮರೆಯಾಗುತ್ತಲೇ ಅವಳು ಹಿಂದಿನ ಬಾಗಿಲು ತೆಗೆದಳು. “ಹತ್ತಿ ಮಾವ. ನೀವೇ ಸಾಕ್ಷಿ. ಗ್ಯಾರೇಜಿನವರೆಗೂ ಆಫ್ ಮಾಡಲ್ಲ. ಬಿಸಿ ಬಿಸಿಯಾಗಿ ಮೇಸ್ತ್ರಿ ಮುಂದೆ ಇಳಿಸ್ತೀನಿ. ಆಮೇಲೆ ಯಾರ ಕೈಗುಣ ಏನು ಅಂತ ನೋಡೋಣ.”

ಪುಕ್ಕಟೆ ಸವಾರಿ ಬಿಡುವವರಲ್ಲ ಮಾವ. ಹತ್ತಿದರು.

ಗ್ಯಾರೇಜಿನಲ್ಲಿ ಮೇಸ್ತ್ರಿ ಊಟಕ್ಕೆ ಕೂತಿದ್ದ. ಅಲ್ಲಿಂದಲೇ ಕೂಗಿದ: “ಆಫ್ ಮಾಡಿ ಟೀಚರ್, ಉಂಡು ಬರ್ತೀನಿ!”

“ಆಫ್ ಮಾಡಿದ್ರೆ ನೀವು ಉಣ್ಣೋವಷ್ಟರಲ್ಲಿ ಆರೋಗುತ್ತೆ! ನಿಧಾನವಾಗಿ ಉಣ್ಣಿ, ನಾನು ಸುತ್ತು ಹಾಕ್ತಿರ್ತೀನಿ.”

ಸುತ್ತು ಹಾಕಿದಳು. ಗ್ಯಾರೇಜು, ಅದರ ಹಿಂದಿನ ಗಲ್ಲಿ, ಮತ್ತೆ ಗ್ಯಾರೇಜು. ಗಾಣದೆತ್ತು ಸೂಪರ್‌ಚಾರ್ಜರ್ ಕಟ್ಟಿಕೊಂಡಂತೆ. ಪ್ರತಿ ಸುತ್ತಿಗೂ ಬೀದಿಯ ನಾಯಿಗಳು ಹೊಸದಾಗಿ ಬೊಗಳಿದವು. ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಾಗಿಲಿಗೆ ಬಂದ.

“ನನ್ನನ್ನಾದ್ರೂ ಇಳಿಸಮ್ಮ ತಾಯಿ, ತಲೆ ತಿರುಗ್ತಿದೆ!” ಎಂದು ಮಾವ ಕಿಟಕಿಯಿಂದ ಕೈಯಾಡಿಸಿದರು.

“ಸಾಕ್ಷಿ ಮಧ್ಯೆ ಇಳಿಯೋ ಹಾಗಿಲ್ಲ!”

ಕೊನೆಗೆ ಮೇಸ್ತ್ರಿ ಕೈತೊಳೆದು ಬಂದ. ಅವಳು ಗ್ಯಾರೇಜಿನ ಬಾಗಿಲಿಗೇ ಗಾಡಿ ತಂದು ಆಫ್ ಮಾಡಿದಳು. ದೇವರನ್ನು ನೆನೆದು ಕೀ ತಿರುಗಿಸಿದಳು. ಕುಂಯ್ ಕುಂಯ್ ಕುಂಯ್. ಏಳಲಿಲ್ಲ. ಸೋಲನ್ನು ಕಂಡು ಇಷ್ಟು ಖುಷಿಪಟ್ಟವರಿಲ್ಲ. ಅವಳು ಚಪ್ಪಾಳೆ ತಟ್ಟಿದಳು.

ಮೇಸ್ತ್ರಿ ತಿರುಗಿಸಿದ, ಏಳಲಿಲ್ಲ. ಮಾವ ತಿರುಗಿಸಿದರು, ಏಳಲಿಲ್ಲ. ಒಳಗೆ ಸಿಕ್ಕಿಬಿದ್ದ ಗಿರಾಕಿಯ ವ್ಯಾನು ಹಾರ್ನು ಹೊಡೆಯತೊಡಗಿತು. ಜಪ್ಪಯ್ಯ ಅಂದರೂ ಅವಳು ಕದಲಲಿಲ್ಲ. ಗಂಡನಿಗೆ ಫೋನು ಮಾಡಿ, “ಈಗಿಂದೀಗ್ಲೇ ಬನ್ನಿ,” ಎಂದಳು. ಬಾನೆಟ್ ಎತ್ತಲು ಹೋದ ಮೇಸ್ತ್ರಿಯ ಕೈಗೆ ಪಟ್ಟನೆ ಹೊಡೆದಳು. “ಮುಚ್ಚೇ ಇರ್ಲಿ, ಬಿಸಿ ಹೋಗುತ್ತೆ!” ಸಾಲದೆಂದು ಮೇಲೆ ಒಂದು ಕಂಬಳಿಯನ್ನೂ ಹೊದಿಸಿದಳು, ಬಾಣಂತಿಗೆ ಹೊದಿಸಿದ ಹಾಗೆ.

ಗಂಡ ಏದುಸಿರು ಬಿಡುತ್ತ ಬಂದು ಕೀ ತಿರುಗಿಸಿದ. ಕುಂಯ್ ಕುಂಯ್. ಮತ್ತೆ ತಿರುಗಿಸಿದ. ನೆರೆದವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು.

“ಎಲ್ಲಿ ರೀ, ಕೈಗುಣ?” ಎಂದಳು ಅವಳು, ಕ್ಷೌರದಂಗಡಿಯವನಿಗೂ ಕೇಳುವಂತೆ.

ಗಂಡ ಕೀ ಬಿಟ್ಟು ಇಳಿದ. ಮೇಸ್ತ್ರಿ ಕಂಬಳಿ ಸರಿಸಿ, ಬಾನೆಟ್ ಎತ್ತಿ, ಟಾರ್ಚು ಹಿಡಿದು ಸೂಪರ್‌ಚಾರ್ಜರಿನ ಹಿಂದಿನ ಸಂದಿಗೆ ಇಣುಕಿದ. “ಸಾರ್, ಪೆಟ್ರೋಲ್ ಪೈಪು ಈ ಕೆಂಡಕ್ಕೆ ಅಂಟಿಕೊಂಡೇ ಹೋಗಿದೆ. ಓಡೋವಾಗ ಪೆಟ್ರೋಲ್ ಹರೀತಿರುತ್ತೆ, ಪರವಾಗಿಲ್ಲ. ನಿಂತ್ರೆ ಪೈಪಲ್ಲೇ ಕುದಿದು ಆವಿ ಆಗುತ್ತೆ. ಎಂಜಿನ್ ಆವಿ ಕುಡಿದು ಏಳುತ್ತಾ? ಇಲ್ಲಿ ಬಿಸಿ ತಡೆಯೋಕೆ ಬೆಳ್ಳಿ ಬಣ್ಣದ ದಪ್ಪ ಹಾಳೆ ಸುತ್ತಬೇಕಿತ್ತಲ್ಲ?”

“ತಂದಿದ್ದೆ...” ಗಂಡ ಹಣೆ ಉಜ್ಜಿಕೊಂಡ. “ಸುತ್ತಿದೀನಿ ಅಂತಾನೇ ಅಂದ್ಕೊಂಡಿದ್ದೆ.”

ಟೀಚರಮ್ಮನ ನಗು ತುಟಿಯಲ್ಲೇ ಕೂತು ತಣ್ಣಗಾಯಿತು.

ಬೆಳ್ಳಿ ಬಣ್ಣದ ದಪ್ಪ ಹಾಳೆ. ಕೆಲವು ತಿಂಗಳ ಹಿಂದೆ, ಗಂಡ ಊರಲ್ಲಿಲ್ಲದ ಒಂದು ರಜೆಯ ದಿನ, ಅವನು ಬಂದು ಬೆರಗಾಗಲಿ ಎಂದು ಅವಳು ಎಂಜಿನ್ನನ್ನು ಪಾತ್ರೆ ಬೆಳಗಿದಂತೆ ಒರೆಸಿದ್ದಳು. ಹಿಂದಿನ ಸಂದಿಗೆ ಕೈ ತೂರಿಸಿದಾಗ ಎಣ್ಣೆ ಜಿಡ್ಡು ಹಿಡಿದ ಹಾಳೆಯೊಂದು ಬೆರಳಿಗೆ ಸಿಕ್ಕಿತ್ತು. ಅಂಗಡಿಯವರು ಸುತ್ತಿ ಕೊಟ್ಟದ್ದನ್ನು ಬಿಚ್ಚದೆ ಕೂರಿಸಿದ್ದಾರೆ, ಗಂಡಸರ ಕೆಲಸವೇ ಇಷ್ಟು ಎಂದುಕೊಂಡು ಕಿತ್ತಿದ್ದಳು. ಗಟ್ಟಿ ಹಾಳೆ, ಎಸೆಯಲು ಮನಸ್ಸಾಗದೆ ತೊಳೆದು ಒಣಗಿಸಿದ್ದಳು. ಅದೀಗ ಅಡುಗೆಮನೆಯ ಗೂಡಿನಲ್ಲಿ, ಎಣ್ಣೆ ಡಬ್ಬಿಗಳ ಕೆಳಗೆ, ಅಚ್ಚುಕಟ್ಟಾಗಿ ಹಾಸಿಕೊಂಡಿತ್ತು.

“ತಪ್ಪು ನಂದೇ ಕಣೇ,” ಎಂದ ಗಂಡ, ಎಲ್ಲರ ಎದುರಿಗೇ. “ಸುತ್ತೋದು ಮರೆತು ನಿನ್ನನ್ನ ಬೀದೀಲಿ ಆಡಿಕೊಂಡೆ. ತಗೋ, ಈ ಕೀ ಇನ್ನು ನಿಂದು.”

“ನಂದೂ ತಪ್ಪಾಯ್ತಮ್ಮ,” ಎಂದರು ಮಾವ, ಇನ್ನೂ ತಲೆ ಹಿಡಿದುಕೊಂಡು. “ಗೆದ್ದೆಯಲ್ಲ, ಸ್ವಲ್ಪ ನಗಬಾರದೇ?”

ಅವಳು ಬಾಯಿ ತೆರೆದಳು. ಕ್ಷೌರದಂಗಡಿಯವನು, ಅರ್ಧ ಗಡ್ಡದ ಗಿರಾಕಿ, ವ್ಯಾನಿನವನು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವರನ್ನೆಲ್ಲ ಸೇರಿಸಿದವಳು ಅವಳೇ. “ಹೋಗ್ಲಿ ಬಿಡಿ,” ಎಂಬುದಷ್ಟೇ ಹೊರಬಂತು. ಎಂಥಾ ದೊಡ್ಡ ಮನಸ್ಸು ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೇಸ್ತ್ರಿ ಹೊಸ ಹಾಳೆ ಸುತ್ತಿ ಕಳಿಸಿದ. ಮರಳುವಾಗ ಅವಳು ಓಡಿಸಿದಳು, ಗಂಡ ಪಕ್ಕದಲ್ಲಿ ಕೂತ.

“ಮದುವೆ ಆದಾಗಿನಿಂದ ನೀನು ‘ನಿಮಗೆ ಮರೆವು, ನಿಮಗೆ ಮರೆವು’ ಅಂತ ಬಾಯಿ ಬಡ್ಕೊಳ್ತಿದ್ದೆ. ನಾನು ನಂಬ್ತಿರ್ಲಿಲ್ಲ,” ಎಂದ ಅವನು ಮೆಲ್ಲಗೆ. “ಹಾಳೆ ಸುತ್ತಿದ ಹಾಗೆ, ಗಂಟು ಹಾಕಿದ ಹಾಗೆ, ಕಣ್ಣಿಗೆ ಕಟ್ಟಿದ ಹಾಗಿದೆ ನನಗೆ. ಹಾಗಾದ್ರೆ ಅದೂ ಭ್ರಮೆ. ನೀನು ಹೇಳಿದ್ದೇ ಸರಿ.” ಆಮೇಲೆ ಜೇಬುಗಳನ್ನು ತಡಕಾಡತೊಡಗಿದ. “ನೋಡು ಮತ್ತೆ, ನನ್ನ ಕನ್ನಡಕ ಎಲ್ಲಿಟ್ಟೆನೋ!”

ಕನ್ನಡಕ ಅವನ ತಲೆಯ ಮೇಲೇ ಇತ್ತು. ಬಾಳಿನುದ್ದಕ್ಕೂ ಹೇಳಿ ಹೇಳಿ ನಯವಾಗಿದ್ದ ‘ನಿಮಗೆ ಮರೆವು’ ಎಂಬ ಆ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿದಳು. ಆ ಮಾತು ತನ್ನ ಬಾಯಿಂದ ಇನ್ನೆಂದೂ ಬರಬಾರದೆಂದು, ತಿರುವಿನಲ್ಲಿ ಗೇರು ಇಳಿಸುತ್ತ, ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು.

ಎಡಗೈ ಚಾಚಿ ಅವನ ಕನ್ನಡಕವನ್ನು ಮೂಗಿನ ಮೇಲಕ್ಕೆ ಇಳಿಸಿದಳು.