ಅಣ್ಣನಿಗೆ ಪಾಲು ಇಲ್ಲ!

ರಾಯದುರ್ಗದ ಸೀರೆ ವ್ಯಾಪಾರಿಗಳಲ್ಲಿ ಸ್ವಂತ ವಿಕಿ ಇಟ್ಟುಕೊಂಡವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ವಿಕಿ ಎಂದರೆ ಮತ್ತೇನಲ್ಲ, ಫೋನಿನಲ್ಲಿ ಒಂದು ಹೆಸರು ಒತ್ತಿದರೆ ಅದರ ಪುಟಕ್ಕೆ ಹೋಗುವ ಟಿಪ್ಪಣಿ ಪುಸ್ತಕ. ಮಗಳ ನಿಶ್ಚಿತಾರ್ಥ ಗೊತ್ತಾದ ದಿನವೇ ಬಂಧುಗಳಿಗೆಲ್ಲ ಒಂದೊಂದು ಪುಟ ತೆರೆದು, ಯಾರಿಗೆ ಏನು ಬೇಕು, ಏನು ಬೇಡ ಎಂದು ಬರೆದಿಟ್ಟೆ.

"ಏನ್ರೀ, ಎಲ್ಲಾ ನೀವೊಬ್ರೇ ಬರ್ಕಂಡು ಕುಂತ್ರ ನಮಗ ಹೆಂಗ ತಿಳೀಬೇಕು?" ಎಂದಳು ಹೆಂಡತಿ ಗೌರಿ.

ನ್ಯಾಯವಾದ ಪ್ರಶ್ನೆ. ಎರಡು ದಿನ ಅಂಗಡಿಯಲ್ಲಿ ಕೂತು ಗಂಭೀರ ತುಲನಾತ್ಮಕ ಅಧ್ಯಯನ ನಡೆಸಿದೆ. ಸ್ವಂತದ ವಿಕಿಯಲ್ಲಿ ಬರೆಯುವವನೂ ಓದುವವನೂ ಒಬ್ಬನೇ. ತಪ್ಪಿದ್ದರೂ ಮರ್ಯಾದೆ ಉಳಿಯುತ್ತದೆ. ಹತ್ತು ಜನರ ವಿಕಿಯಲ್ಲಿ ಎಲ್ಲರೂ ಓದಬಹುದು, ತಿದ್ದಬಹುದು. ಯಾರು ಏನು ಬರೆದರೆಂಬುದೂ ಉಳಿಯುತ್ತದೆ. ಎರಡನೆಯದೇ ಶ್ರೇಷ್ಠ ಎಂದು ತೀರ್ಮಾನಿಸಿ, ನನ್ನ ಪುಟಗಳನ್ನೆಲ್ಲ ಅದಕ್ಕೆ ಸಾಗಿಸಿ, ಬಳಗಕ್ಕೆಲ್ಲ ಲಿಂಕ್ ಕಳಿಸಿದೆ. ಕಳಿಸುವ ಮೊದಲು ಒಮ್ಮೆಯೂ ಓದಿ ನೋಡಲಿಲ್ಲ!

ಮಧ್ಯಾಹ್ನ ಬೊಮ್ಮನಹಾಳಿನಿಂದ ಅಣ್ಣನ ಫೋನು.

"ಏನೋ ತಮ್ಮಾ, ನನಗ ಪಾಲಿಲ್ಲಂತ ಊರಿಗೆಲ್ಲ ಸಾರೀಯೇನು? ಅಪ್ಪನ ಹೊಲ ನಿನ್ನೊಬ್ಬನ್ದಾ? ನಿಶ್ಚಿತಾರ್ಥಕ್ಕ ನಾ ಬರಂಗಿಲ್ಲ!"

ಅಪ್ಪನ ಜಾಗದಲ್ಲಿ ನಿಂತು ತಾಂಬೂಲ ಬದಲಿಸಬೇಕಾದವನೇ ಅವನು. ಅಣ್ಣನ ಪುಟ ತೆರೆದೆ. ನನ್ನದೇ ಬರಹ: 'ಅಣ್ಣನಿಗೆ ಪಾಲು ಇಲ್ಲ. ಕೇಳಿದರೂ ಕೊಡಬಾರದು.'

ಅಯ್ಯೋ! ನಾನು ತೆಲುಗು ಮೀಡಿಯಂನಲ್ಲಿ ಓದಿದವನು. ಅವಸರದಲ್ಲಿ ಹಾಲಿಗೆ ತೆಲುಗಿನ 'ಪಾಲು' ಎಂದೇ ಬರೆದುಕೊಂಡಿದ್ದೆ. ಅಣ್ಣನಿಗೆ ಹಾಲು ಒಗ್ಗುವುದಿಲ್ಲ, ಆದರೂ ಪಾಯಸ ಕಂಡರೆ ಬಿಡುವವನಲ್ಲ. ಇದ್ದದ್ದು ಅಷ್ಟೇ.

ತಕ್ಷಣ ಅಳಿಸಿದೆ. ಅಳಿಸಿದ್ದೂ ದಾಖಲಾಯಿತು! ಆ ಸಾಲು ಕೆಂಪು ಬಣ್ಣದಲ್ಲಿ, ಪಕ್ಕದಲ್ಲಿ ನನ್ನ ಹೆಸರಿನ ಸಮೇತ, ಎಲ್ಲರ ಫೋನಿಗೂ ಹೋಯಿತು.

"ಬರಿಯಾದೂ ಬರ್ದು, ಈಗ ಕದ್ದು ಅಳಿಸ್ತೀಯಾ?" ಅಣ್ಣ ಮತ್ತೆ ಫೋನು ಮಾಡಿ ಗುಡುಗಿದ.

ಗೌರಿಯನ್ನು ಕರೆದುಕೊಂಡು ಸಂಜೆಯೇ ಬೊಮ್ಮನಹಾಳಿಗೆ ಓಡಿದೆ.

"ಅಣ್ಣಾ, ಅದು ಹೊಲದ ಪಾಲಲ್ಲ. ಕುಡಿಯೋ ಪಾಲು!" ಎಂದು ಕೈ ಮುಗಿದೆ.

ಅಣ್ಣ ಗೌರಿಯ ಮುಖ ನೋಡಿದ. "ಹೌದ್ರಿ ಬಾವಾರ, ಇವ್ರು ಮನ್ಯಾಗೂ ಹಿಂಗಾ" ಎಂದಳು ಅವಳು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಬರ್ತೀನಿ ಬಿಡೋ" ಎಂದ. ನನಗೆ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಅವನು ತನ್ನ ಫೋನು ತೆಗೆದು ವಿಕಿಯಲ್ಲಿ ಹೊಸ ಸಾಲು ಸೇರಿಸಿದ: 'ತಮ್ಮಗ ಬರಿಯಾಕ ಬಿಡಬ್ಯಾಡ್ರಿ.' ಅದರ ಕೆಳಗೆ ಒಬ್ಬೊಬ್ಬರೇ 'ಹೌದು' ಎಂದು ಬರೆಯತೊಡಗಿದರು. ಮೊದಲ 'ಹೌದು' ನನ್ನ ಪಕ್ಕದಲ್ಲೇ ಕೂತಿದ್ದ ಗೌರಿಯದು!

ಈಗ ನಮ್ಮ ಬಳಗದ ವಿಕಿಯಲ್ಲಿ ಯಾರು ಬೇಕಾದರೂ ಬರೆಯಬಹುದು. ನನಗೆ ಓದಲು ಮಾತ್ರ ಅವಕಾಶ.