ಬಿಸಿ ಗಾಳಿಯ ಗಾಡಿ

ವಿಶ್ವವಿದ್ಯಾನಿಲಯದಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ, ಯಾವುದನ್ನೂ ಸುಮ್ಮನೆ ನಂಬಬಾರದು ಎಂಬುದು. ಮೊದಲು ಪಂಚಾಂಗವನ್ನು ಶಂಕಿಸಿದೆ, ಆಮೇಲೆ ಪತ್ರಿಕೆಗಳನ್ನು, ಆಮೇಲೆ ಪಾಠ ಹೇಳಿದ ಮೇಷ್ಟರನ್ನೇ. ಹೊರಗೆ ಶಂಕಿಸಲು ಏನೂ ಉಳಿಯದೆ ಹೋದಾಗ ಆ ವಿದ್ಯೆ ತಿರುಗಿ ನನ್ನ ನೆನಪಿನ ಮೇಲೆಯೇ ಬಿತ್ತು. ಬಾಗಿಲಿಗೆ ಬೀಗ ಹಾಕಿದ ನೆನಪು ಸ್ಪಷ್ಟವಾಗಿದ್ದಷ್ಟೂ ಅರ್ಧ ದಾರಿಯಿಂದ ವಾಪಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಬೀಗ ಹಾಕಿಯೇ ಇರುತ್ತದೆ. ಹಾಕಿದವನು ನಾನೋ ನನ್ನ ಹೆಂಡತಿಯೋ ಎಂಬ ಹೊಸ ಸಂದೇಹ ಹೊತ್ತುಕೊಂಡು ಮತ್ತೆ ಹೊರಡುತ್ತೇನೆ.

ಇಂಥವನು ಹಳೆಯ ಕಾರು ಕೊಳ್ಳಬಾರದು. ಕೊಂಡೆ. ದಂಡಿನ ಕಡೆಯ ಇಂಗ್ಲಿಷ್ ದೊರೆಯೊಬ್ಬ ಕಾರು ಮಾರಿ ಸ್ವದೇಶಕ್ಕೆ ಹೊರಟಿದ್ದ. ಅವನ ಗಾಡಿ ಬಸವನಗುಡಿಯ ನಮ್ಮ ಮನೆಯ ಮುಂದೆ ಬಂದು ನಿಂತಿತು. ಮುಂದಿನ ಸೀಟಿನ ಎದುರಿಗೆ ಒಂದು ತಗಡಿನ ಪೆಟ್ಟಿಗೆ. ಸ್ವಿಚ್ಚು ತಿರುಗಿಸಿದರೆ ಅದರಿಂದ ಬಿಸಿ ಗಾಳಿ ಬರುತ್ತದೆಂದು ದೊರೆ ತೋರಿಸಿಕೊಟ್ಟಿದ್ದ. ನಾನು ಕೈಯೊಡ್ಡಿ ನೋಡಿದ್ದೆ, ಬಿಸಿಯಾಗಿಯೇ ಬಂದಿತ್ತು. ಬೆಂಗಳೂರಿನಲ್ಲಿ ಬಿಸಿ ಗಾಳಿ ಏತಕ್ಕೆ ಎಂದು ಯೋಚಿಸುವ ಬದಲು ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಗಾಂಧಿಬಜಾರಿನಲ್ಲಿ ತರಕಾರಿ ಕೊಳ್ಳುವಾಗಲೂ ಮಾತು ಹೇಗೋ ಬದನೆಕಾಯಿಯಿಂದ ಬಿಸಿ ಗಾಳಿಗೆ ಹೊರಳುತ್ತಿತ್ತು.

ಈ ಜಂಬಕ್ಕೆ ಲೆಕ್ಕ ಒಪ್ಪಿಸಬೇಕಾಗಿ ಬಂದದ್ದು ಧನುರ್ಮಾಸದ ಹಿಂದಿನ ದಿನ. ನಮ್ಮ ತಾಯಿಗೆ ಉಬ್ಬಸ. ಚಳಿಗಾಳಿ ತಾಕಿದರೆ ಉಸಿರು ಕಟ್ಟುತ್ತದೆ. ಹಿಂದಿನ ವರ್ಷ ಡಾಕ್ಟರು, ಬೆಳಗಿನ ಜಾವ ಹೊಸ್ತಿಲು ದಾಟಕೂಡದು ಎಂದು ಕಟ್ಟುಮಾಡಿದ್ದರು. ಧನುರ್ಮಾಸದ ಪೂಜೆಯಾದರೋ ಸೂರ್ಯ ಹುಟ್ಟುವ ಮೊದಲೇ ಆಗಬೇಕು. ಆ ತಿಂಗಳೆಲ್ಲ ಅಮ್ಮ ಮುಚ್ಚಿದ ಕಿಟಕಿಯ ಬಳಿ ಕೂತು ದೇವಸ್ಥಾನದ ಗಂಟೆ ಕೇಳಿಸಿಕೊಂಡರು. ಯಾರನ್ನೂ ದೂರಲಿಲ್ಲ. ಈ ಸಲ ಮಾತ್ರ ಪಕ್ಕದ ಮನೆಯ ಆ ಡಾಕ್ಟರನ್ನು ಜಗಲಿಯಿಂದಲೇ ಕೂಗಿ ನಿಲ್ಲಿಸಿದರು.

"ನನ್ನ ಮಗನ ಗಾಡೀಲಿ ಒಲೆ ಮುಂದೆ ಕೂತ ಹಾಗೆ ಬಿಸಿ ಗಾಳಿ ಬರುತ್ತಂತೆ. ಅದರಲ್ಲಿ ಹೋಗ್ಬಹುದೋ ಇಲ್ವೋ?"

"ನಿಜವಾಗಿ ಬಂದ್ರೆ ಧಾರಾಳವಾಗಿ ಹೋಗಿಬನ್ನಿ. ಬರದಿದ್ರೆ ಮನೇಲೇ ಕೈ ಮುಗೀರಿ ಅಮ್ಮ," ಎಂದ ಡಾಕ್ಟರು ನನ್ನ ಕಡೆ ನೋಡಿದರು.

ಇಂಜಿನ್ನು ಚೆನ್ನಾಗಿ ಕಾಯಿಸಿ ಸ್ವಿಚ್ಚು ತಿರುಗಿಸಿದೆ. ಪೆಟ್ಟಿಗೆ ಗುಂಯ್ ಎಂದಿತು. ಕೈಯೊಡ್ಡಿದರೆ ಬೆಕ್ಕು ಉಸಿರಾಡಿದಷ್ಟೂ ಗಾಳಿಯಿಲ್ಲ. ಹಾಗಾದರೆ ಅಂದು ಬಿಸಿ ಬಂದದ್ದು? ಕೊಂಡದ್ದು ಏಪ್ರಿಲ್ಲಿನ ಮಧ್ಯಾಹ್ನ ಎಂಬುದು ಆಗ ಹೊಳೆಯಿತು. ಅವತ್ತು ಬಿಸಿಲಲ್ಲಿ ನಿಂತ ಕಾರಿನೊಳಗೆ ನನ್ನ ಟೋಪಿಯಿಂದಲೂ ಬಿಸಿ ಗಾಳಿ ಬರುತ್ತಿತ್ತು.

ಕಲಾಸಿಪಾಳ್ಯದಿಂದ ಮೆಕ್ಯಾನಿಕ್ಕನ್ನು ಕರೆತಂದೆ. ಅವನು ಪೆಟ್ಟಿಗೆಯನ್ನು ಎರಡು ಸಲ ತಟ್ಟಿ, "ಬೆಂಗ್ಳೂರಿಗೆ ಇದ್ಯಾಕೆ ಸಾರ್? ಕಿತ್ತು ಬಿಸಾಕ್ತೀನಿ. ಆ ಜಾಗದಲ್ಲಿ ರೇಡಿಯೋ ಇಡ್ಕೊಳ್ಳಿ," ಎಂದು ಕಾಫಿ ಕುಡಿದು ಹೋದ.

ಉಳಿದದ್ದು ತರ್ಕ. ಇಂಜಿನ್ನಿನಿಂದ ಪೆಟ್ಟಿಗೆಗೆ ಬಿಸಿನೀರು ಒಯ್ಯುವ ರಬ್ಬರು ಕೊಳವೆಯನ್ನು ಮುಟ್ಟಿದೆ, ಬೆರಳು ಸುಟ್ಟಿತು. ನೀರು ವಾಪಸು ತರುವ ಕೊಳವೆಯನ್ನು ಮುಟ್ಟಿದೆ, ಇನ್ನೊಂದು ಬೆರಳು ಸುಟ್ಟಿತು. ಅಂದರೆ ಬಿಸಿಗೆ ಕೊರತೆಯಿಲ್ಲ, ಕೊರತೆ ಗಾಳಿಗೆ. ಗಾಳಿ ಒಳಗೆ ಬರುವುದು ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯಿಂದ.

"ಆಯುಧಪೂಜೆ ಹೂವೇನಾದ್ರೂ ಸಿಕ್ಕೊಂಡಿದ್ಯೇನೋ ನೋಡಿ," ಎಂದಳು ನನ್ನ ಹೆಂಡತಿ ಕಮಲ.

"ಸಾಧ್ಯವೇ ಇಲ್ಲ. ಪೂಜೆಯ ಮಾರನೇ ದಿನ ಒಂದು ಎಸಳೂ ಬಿಡದೆ ನಾನೇ ಒರೆಸಿದೀನಿ. ಚೆನ್ನಾಗಿ ನೆನಪಿದೆ."

"ಅದು ಹೋದ ವರ್ಷ ರೀ. ನೀವು ಒರೆಸಿದ್ದು ಸೈಕಲ್ಲು."

ನಾನು ಜಾಲರಿಯೊಳಗೆ ಬೆರಳು ತೂರಿಸಿದೆ. ಅಷ್ಟರಲ್ಲಿ ಅಮ್ಮ ಜಗಲಿ ಇಳಿದು ಬಂದರು.

"ಅಲ್ಯಾಕೋ ಕೈ ಹಾಕ್ತೀಯಾ? ಅದು ನಿರ್ಮಾಲ್ಯದ ಜಾಗ."

"ಯಾವುದರ ಜಾಗ?"

"ಪ್ರತಿ ಶುಕ್ರವಾರ ನಿನ್ನ ಗಾಡಿಗೆ ಹೂ ಇಡ್ತೀನಲ್ಲ, ಬಾಡಿದ ಮೇಲೆ ಅದನ್ನ ಬೀದಿಗೆ ಎಸೆಯಕ್ಕಾಗುತ್ತಾ? ಯಾರಾದ್ರೂ ತುಳೀತಾರೆ. ತುಳಸಿ ಬುಡದಲ್ಲಿ ಹಾಕೋಣ ಅಂದ್ರೆ ಕಟ್ಟೆ ತುಂಬಿಹೋಗಿದೆ. ಆ ದೊರೆ, ಪಾಪ, ಯಾರ ಕಾಲಿಗೂ ಸಿಗದ ಹಾಗೆ ಕಂಡಿ ಮಾಡಿಸಿಟ್ಟಿದಾನೆ. ದೈವಭಕ್ತ ಕಣೋ!"

ಜಾಲರಿ ಬಿಚ್ಚಿದೆವು. ಸೇವಂತಿಗೆ, ಕನಕಾಂಬರ, ತುಳಸಿ ದಳ, ಅಕ್ಷತೆ ಎಲ್ಲ ಸೇರಿ ಒಣಗಿ ಗಟ್ಟಿಯಾಗಿ, ಒಂದು ಮೊರದ ತುಂಬ ಹೊರಗೆ ಬಂತು. ಅಮ್ಮ ಮೊರವನ್ನೇ ನೋಡುತ್ತ ನಿಂತರು. "ಹಾಗಾದ್ರೆ ದೇವಸ್ಥಾನದ ದಾರಿಗೆ ನಾನೇ ಅಡ್ಡ ಹಾಕ್ಕೊಂಡೆನೇನೋ?" ಎಂದಾಗ ಅವರ ದನಿ ಸಣ್ಣಗಾಗಿತ್ತು.

ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸ್ವಿಚ್ಚು ತಿರುಗಿಸಿದೆ. ಪೆಟ್ಟಿಗೆ ಒಮ್ಮೆ ಕೆಮ್ಮಿ, ಉಳಿದಿದ್ದ ಎಸಳು, ಅಕ್ಷತೆಗಳನ್ನು ಅವರ ಮಡಿಲಿಗೆ ಚೆಲ್ಲಿತು. ಅದರ ಹಿಂದೆಯೇ ಬಂತು ಬಿಸಿ ಗಾಳಿ. ಅಮ್ಮ ಎಸಳುಗಳನ್ನು ಕಣ್ಣಿಗೊತ್ತಿಕೊಂಡು, ಮಂಗಳಾರತಿಗೆ ಒಡ್ಡುವ ಹಾಗೆ ಎರಡೂ ಕೈ ಒಡ್ಡಿದರು. ಜಗಲಿಯ ಆಚೆಯಿಂದ ಡಾಕ್ಟರು ಹೋಗಿಬನ್ನಿ ಎಂಬಂತೆ ತಲೆಯಾಡಿಸಿದರು.

ಮರುದಿನ ನಸುಕಿನಲ್ಲಿ ಹೊರಟೆವು. ದೇವಸ್ಥಾನ ತೀರ ಹತ್ತಿರ, ಅಷ್ಟರಲ್ಲಿ ಇಂಜಿನ್ನು ಕಾಯುವುದಿಲ್ಲ. ಆದ್ದರಿಂದ ನಾನೊಬ್ಬನೇ ಮೊದಲು ಚಾಮರಾಜಪೇಟೆಯ ತನಕ ಒಂದು ಸುತ್ತು ಹಾಕಿ, ಕಾರು ಬೆಚ್ಚಗಾದ ಮೇಲೆ ಅಮ್ಮನನ್ನು ಹತ್ತಿಸಿಕೊಂಡಿದ್ದೆ. ಅವರು ಶಾಲು ಹೊದ್ದು, ಒಂದು ಕೆಮ್ಮೂ ಇಲ್ಲದೆ, ದೇವಸ್ಥಾನದ ಬಾಗಿಲಲ್ಲಿ ಇಳಿದರು. ಹೋದ ಧನುರ್ಮಾಸದಲ್ಲಿ ಅವರನ್ನು ಕಾಣದಿದ್ದ ಗೆಳತಿಯರು ಮುತ್ತಿಕೊಂಡರು. ಇಷ್ಟು ಚಳೀಲಿ ಹೇಗೆ ಬಂದ್ರಿ, ಗಾಡೀಲಿ ಅದೆಂಥದೋ ಬಿಸಿ ಗಾಳಿಯಂತೆ, ನಿಜವೇ ಎಂದೆಲ್ಲ ಪ್ರಶ್ನೆ. ನಾನು ಶ್ರದ್ಧೆಯಿಂದ ಕಿವಿಗೊಟ್ಟೆ.

"ಹೌದಮ್ಮ," ಎಂದರು ಅಮ್ಮ. "ನಮ್ಮ ಹುಡುಗನಿಗೆ ಚಳಿ ತಡೆಯೋಲ್ಲ. ಅದಕ್ಕೇ ಅಂಥ ಗಾಡಿ ಹುಡುಕಿ ತಗೊಂಡಿದಾನೆ."

ವಿಷಯ ಹಾಗಲ್ಲವೆಂದು ವಿವರಿಸಲು ನಾನು ಮುಂದೆ ಬಂದು ಬಾಯಿ ತೆರೆದೆ. ಸೀನು ಬಂತು.

"ನೋಡಿದ್ರಾ?" ಎಂದರು ಅಮ್ಮ.